ಸ್ಪಿತಿಯ ಚಳಿಯಲ್ಲಿ ಕಿಟಕಿ ತೆರೆದು ಮಲಗಿದ್ದು

ಹೋದ ಫೆಬ್ರವರಿಯಲ್ಲಿ ನಾನು, ನನ್ನ ಭಾಮೈದ ಇಬ್ಬರೂ ಹಳೇ ಟ್ರಾವೆಲರ್ ವ್ಯಾನ್ ತಗೊಂಡು ಬೆಂಗಳೂರಿಂದ ಹಿಮಾಚಲದ ಸ್ಪಿತಿಗೆ ಹೋಗಿದ್ದೆವು. ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಪಾಸ್ ಮುಚ್ಚಿರುತ್ತೆ, ಹಾಗಾಗಿ ಶಿಮ್ಲಾ, ಕಿನ್ನೌರ್ ದಾರಿ. ವ್ಯಾನಲ್ಲೇ ಅಡುಗೆ, ವ್ಯಾನಲ್ಲೇ ನಿದ್ದೆ. ಮಂಜಿನ ಫೋಟೋ ಬೇಕಾದಷ್ಟು ಜನ ಹಾಕಿದ್ದಾರೆ, ನಾನು ಗಾಳಿಯ ವಿಷಯ ಹೇಳುತ್ತೇನೆ.

ಹೊರಡುವ ಮೊದಲು ಕಾರ್ಬನ್ ಮಾನಾಕ್ಸೈಡ್ (ಬೆಂಕಿ ಅರೆಬರೆ ಉರಿದಾಗ ಹುಟ್ಟುವ, ವಾಸನೆಯಿಲ್ಲದ ವಿಷಾನಿಲ) ಅಲಾರಂ ಒಂದು ಕೊಂಡಿದ್ದೆ. ಕಾರಣ, 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಜನ ತೀರಿಹೋದ ಸುದ್ದಿ. ಅದರಲ್ಲಿ ನಾಲ್ಕು ಮಕ್ಕಳು. ಕಿಟಕಿ ಮುಚ್ಚಿದ ರೂಮಲ್ಲಿ ಗ್ಯಾಸ್ ಹೀಟರ್ ಹಚ್ಚಿ ಮಲಗಿದ್ದರು. ನಮ್ಮ ಕಡೆಯವರಿಗೆ ಚಳಿ ಅಂದ್ರೆ ಭಯ ಜಾಸ್ತಿ, ಬೆಂಕಿಯ ಭಯ ಕಡಿಮೆ ಅನ್ನಿಸಿತ್ತು ಆಗ.

ಆದರೂ ಕಿನ್ನೌರಿನ ಕಲ್ಪಾದಲ್ಲಿ ನಾನೂ ಅದನ್ನೇ ಮಾಡಿದೆ. ಹೊರಗೆ ಮೈನಸ್ 8. ಕಿಟಕಿಯನ್ನೆಲ್ಲ ಮುಚ್ಚಿ ಸಣ್ಣ ಗ್ಯಾಸ್ ಒಲೆ ಮೇಲೆ ದೊಡ್ಡ ಪಾತ್ರೆ ತುಂಬ ನೀರಿಟ್ಟೆ. ಅನ್ನ ಆದಮೇಲೂ ಬೆಚ್ಚಗಿದೆಯಲ್ಲ ಅಂತ ಒಲೆ ಸಣ್ಣಗೆ ಉರಿಯಲಿ ಅಂತ ಬಿಟ್ಟೆ. ಸ್ವಲ್ಪ ಹೊತ್ತಿಗೆ ಭಾಮೈದ, "ಭಾವ, ಅದೇನು ಕಿರ್‍ರ್ ಅಂತಿರೋದು?" ಅಂದ. ಅಲಾರಂನಲ್ಲಿ 138 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 138 ಪಾಲು) ತೋರಿಸುತ್ತಿತ್ತು. ಜ್ವಾಲೆ ನೋಡಿದರೆ ನೀಲಿ ಹೋಗಿ ತುದಿಯಲ್ಲಿ ಹಳದಿ. ಪಾತ್ರೆಯ ತಣ್ಣನೆಯ ದೊಡ್ಡ ತಳ ಜ್ವಾಲೆಗೆ ತಾಗಿದರೆ ಗ್ಯಾಸ್ ಪೂರ್ತಿ ಉರಿಯುವುದಿಲ್ಲ, ಜೊತೆಗೆ ಒಳಗೆ ಹೊಸ ಗಾಳಿಯೂ ಇಲ್ಲ. ವಾಸನೆ? ಏನೂ ಇರಲಿಲ್ಲ, ಅನ್ನದ ವಾಸನೆ ಬಿಟ್ಟು. ಬಾಗಿಲು ಪೂರ್ತಿ ತೆರೆದು ಇಬ್ಬರೂ ಹೊರಗೆ ಕಂಬಳಿ ಹೊದ್ದು ನಿಂತೆವು.

ಇನ್ನೊಂದು ಪೇಚು ಇದೆ. ಎತ್ತರದ ಜಾಗದಲ್ಲಿ ತಲೆನೋವು, ವಾಕರಿಕೆ, ಸುಸ್ತು ಬಂದರೆ ಎಲ್ಲರೂ ಎತ್ತರದ್ದೇ ತೊಂದರೆ ಅಂತಾರೆ. ಈ ಅನಿಲದ ಲಕ್ಷಣವೂ ಅವೇ! ಕೋವಿಡ್ ಕಾಲದ ಆಕ್ಸಿಮೀಟರ್ ಇದೆಯಲ್ಲ ಅಂತ ಧೈರ್ಯ ಪಡಬೇಡಿ. ರಕ್ತದಲ್ಲಿ ಆಮ್ಲಜನಕ ಅಂಟಿದೆಯೋ ಮಾನಾಕ್ಸೈಡ್ ಅಂಟಿದೆಯೋ ಅದಕ್ಕೆ ಗೊತ್ತಾಗುವುದಿಲ್ಲ, ಎಲ್ಲ ಸರಿಯಿದೆ ಅನ್ನೋ ಹಾಗೆ ತೋರಿಸಿ ಸುಮ್ನಿರುತ್ತೆ. ವ್ಯಾನಲ್ಲಿ ಇಬ್ಬರಿಗೂ ಒಟ್ಟಿಗೇ ತಲೆ ನೋಯಲು ಶುರುವಾದರೆ ನಾನಂತೂ ಯೋಚನೆ ಮಾಡುತ್ತಾ ಕೂರದೆ ಮೊದಲು ಹೊರಗೆ ಹೋಗುತ್ತೇನೆ.

ಮಾರನೇ ದಿನ ದಾರಿಯಲ್ಲಿ ಚಹಾ ಅಂಗಡಿಯವರು ಪಾಪ, ತಗಡಿನ ಡಬ್ಬಿಯಲ್ಲಿ ಕೆಂಡ ಕೊಡಲು ಬಂದರು, ರಾತ್ರಿ ಗಾಡಿಯಲ್ಲಿ ಇಟ್ಕೊಳ್ಳಿ ಅಂತ. ಕೈಮುಗಿದು ಬೇಡ ಅಂದೆ. ಮಲೆನಾಡಲ್ಲಿ ನಮ್ಮಜ್ಜಿ ಬಾಣಂತಿ ಕೋಣೆಗೆ ಅಗ್ಗಿಷ್ಟಿಕೆ ಇಡುತ್ತಿದ್ದರು ನಿಜ, ಆದರೆ ಆ ಮನೆಯ ಹೆಂಚಿನ ಸಂದಿಯಲ್ಲಿ ಆಕಾಶ ಕಾಣುತ್ತಿತ್ತು. ವ್ಯಾನ್ ತಗಡಿನ ಡಬ್ಬಿ. ಸ್ಪಿತಿಯವರೂ ಮನೆಯೊಳಗೆ ಒಲೆ ಉರಿಸುತ್ತಾರೆ, ಆದರೆ ಒಲೆಯಿಂದ ಹೊಗೆ ಕೊಳವೆ ನೇರ ಮಾಡಿನಾಚೆ ಹೋಗಿರುತ್ತೆ.

ಒಲೆ ಆರಿಸಿದರೂ ಕಿಟಕಿ ಮುಚ್ಚುವ ಹಾಗಿಲ್ಲ. ಒಂದು ರಾತ್ರಿ ಪ್ರಯೋಗಕ್ಕೆ ಎಲ್ಲ ಮುಚ್ಚಿ ಮಲಗಿದ್ದೆವು. ಬರೀ ನಮ್ಮ ಉಸಿರಿಗೇ ಕಾರ್ಬನ್ ಡೈಆಕ್ಸೈಡ್ ಮೀಟರ್ 5,000 ಪಿಪಿಎಂ ಮುಟ್ಟಿ ನಿಂತುಬಿಟ್ಟಿತ್ತು, ಅದರಾಚೆ ಅಳೆಯಲು ಅದಕ್ಕೆ ಬರುವುದಿಲ್ಲ. ಹೊರಗಿನ ಗಾಳಿಯಲ್ಲಿ 430ರ ಆಸುಪಾಸು ಅಷ್ಟೇ. ಬೆಳಗ್ಗೆ ತಲೆ ಭಾರ, ಹಾಸಿಗೆ ತೇವ, ಚಾವಣಿಯ ತಗಡಿಗೆ ನೀರು ಹೆಪ್ಪುಗಟ್ಟಿ ಬಿಳಿ ಪದರ. ಬಿಸಿಲು ಬಿದ್ದ ಕೂಡಲೇ ಅದು ಕರಗಿ ಭಾಮೈದನ ಮೂಗಿನ ಮೇಲೆ ಟಪ್ ಟಪ್. ಒಂದು ಕೆಜಿ ಗ್ಯಾಸ್ ಉರಿದರೆ ಸುಮಾರು ಒಂದೂವರೆ ಕೆಜಿ ನೀರಾವಿ ಹುಟ್ಟುತ್ತೆ, ಅದೂ ಇಲ್ಲೇ ಕೂರಬೇಕಲ್ವಾ?

ಆಮೇಲಿನ ಕ್ರಮ ಇಷ್ಟು: ವ್ಯಾನಿನ ಚಾವಣಿಯ ಮುಚ್ಚಳ ಒಂದು ಗೇಣು ಎತ್ತಿ, ಎದುರು ತುದಿಯ ಕಿಟಕಿ ಎರಡು ಬೆರಳು ಸರಿಸಿ, ಗಾಳಿ ಬೀಸದ ಬದಿಯದ್ದು. ಒಂದು ಎತ್ತರದಲ್ಲಿ, ಒಂದು ತಗ್ಗಿನಲ್ಲಿ ಇದ್ದರೆ ಗಾಳಿ ತಾನೇ ಓಡಾಡುತ್ತೆ. ಅಡುಗೆ ಮಾಡುವಾಗ ಪಕ್ಕದ ಬಾಗಿಲೂ ತೆರೆದೇ ಇರಬೇಕು. ಬಿಸಿಗೆ ಎಂಜಿನ್ ಚಾಲೂ ಇಡುವುದಂತೂ ಇಲ್ಲವೇ ಇಲ್ಲ, ಸೈಲೆನ್ಸರ್ ಬಾಯಿಗೆ ಹಿಮ ಕೂತರೆ ಹೊಗೆ ಒಳಗೇ ಬರುತ್ತೆ. ಹೊಗೆ ಹೊರಗೆ ಬಿಡುವ ಡೀಸೆಲ್ ಹೀಟರ್ ಹಾಕಿಸಬಹುದಿತ್ತು, ದುಡ್ಡು ಸಾಲಲಿಲ್ಲ. ಬದಲಿಗೆ ಬಿಸಿನೀರಿನ ಬ್ಯಾಗು, ಉಣ್ಣೆ ಕಾಲುಚೀಲ, ಮಂಕಿಕ್ಯಾಪ್. ಗಾಳಿ ತಣ್ಣಗಿದ್ದರೂ ಮೈ ಬೆಚ್ಚಗಿತ್ತು. ಸ್ಪಿತಿಯ ಕಾಜಾದಲ್ಲಿ ಬಾಟಲಿ ನೀರು ಕಲ್ಲಾದ ರಾತ್ರಿಯೂ ಮೀಟರ್ ಸಾವಿರ ದಾಟಲಿಲ್ಲ.

ಊರಿಗೆ ಬಂದಮೇಲೆ ಅಲಾರಂ ಎಲ್ಲಿಡೋದು ಅಂತ ಬಚ್ಚಲುಮನೆ ಕಡೆ ನೋಡಿದೆ. ಒಳಗೆ ಗ್ಯಾಸ್ ಗೀಸರ್. ಸೊಳ್ಳೆ ಬರುತ್ತೆ ಅಂತ ಅಮ್ಮ ವೆಂಟಿಲೇಟರ್‌ಗೆ ರಟ್ಟು ತುರುಕಿದ್ದರು. ರಟ್ಟು ಅವತ್ತೇ ಕಿತ್ತೆ. ಗೀಸರ್ ಹೊರಗೆ ಹಾಕಿಸುವವರೆಗೂ ಅಮ್ಮನಿಗೆ ಒಲೆಯ ಮೇಲೆ ಕಾಯಿಸಿದ ನೀರೇ, ದಿನಾ ಬೈಸಿಕೊಳ್ಳುತ್ತಿದ್ದೇನೆ.