ಸ್ಟೀರಿಂಗ್ ಎಳೆಯುತ್ತಿದೆಯೇ? ಅಲೈನ್‌ಮೆಂಟ್‌ಗೆ ಮೊದಲು ಚಕ್ರ ಅಲುಗಾಡಿಸಿ

ಹಳೇ ಕಾರು ಒಂದು ಕಡೆಗೆ ಎಳೆಯಲು ಶುರುವಾದರೆ ಹೆಚ್ಚಿನವರು ಸೀದಾ ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವ ಕೆಲಸ) ಮಾಡಿಸಲು ಹೋಗುತ್ತಾರೆ. ನಮ್ಮಣ್ಣನ 13 ವರ್ಷದ ಕಾರಿಗೆ ಒಂದೇ ವರ್ಷದಲ್ಲಿ ಮೂರು ಸಲ ಅಲೈನ್‌ಮೆಂಟ್ ಆಯಿತು. ಪ್ರತಿ ಸಲವೂ ಹದಿನೈದು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಎಡಕ್ಕೇ ಎಳೆತ. ಕೊನೆಗೆ ನೋಡಿದರೆ ಒಂದು ಟೈ ರಾಡ್ ಎಂಡ್, ಅಂದರೆ ಸ್ಟೀರಿಂಗ್ ತಿರುವನ್ನು ಚಕ್ರಕ್ಕೆ ಮುಟ್ಟಿಸುವ ರಾಡಿನ ತುದಿಯ ಕೀಲು, ಸವೆದಿತ್ತು. ಕೀಲೇ ಸಡಿಲವಾಗಿದ್ದರೆ ಚಕ್ರದ ಕೋನವನ್ನು ಎಷ್ಟು ಸಲ ಸರಿ ಮಾಡಿದರೂ ನಿಲ್ಲುವುದಿಲ್ಲ. ಆದ್ದರಿಂದ ಅಲೈನ್‌ಮೆಂಟ್ ಕೊನೆಯ ಕೆಲಸ, ಮೊದಲಿನದಲ್ಲ.

ಮೊದಲು ಗಾಳಿ. ಟೈರ್ ತಣ್ಣಗಿರುವಾಗಲೇ ನಾಲ್ಕಕ್ಕೂ ಸರಿಯಾಗಿ ತುಂಬಿಸಿ.

ಎರಡನೆಯದು ಟೈರ್. ಅಂಗೈಯನ್ನು ಟೈರಿನ ಮೇಲ್ಮೈಗೆ ಅಡ್ಡಲಾಗಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ಸವರಿ. ಒಂದು ದಿಕ್ಕಿಗೆ ನುಣ್ಣಗೆ, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನ ಹಾಗೆ ಸಿಕ್ಕರೆ ಟೋ (ಮೇಲಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಕೆಟ್ಟಿದೆ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೇಲೆ ಅನುಮಾನ ಇಡಿ. ಅಲ್ಲಲ್ಲಿ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ನೋಡಿಸಿ. ಮುಂದಿನ ಎರಡು ಟೈರ್‌ಗಳನ್ನು ಎಡಬಲ ಬದಲಿಸಿ ಓಡಿಸಿದಾಗ ಎಳೆತದ ದಿಕ್ಕೂ ಬದಲಾದರೆ ತಪ್ಪು ಟೈರಿನದೇ, ಹುಡುಕಾಟ ಅಲ್ಲಿಗೇ ಮುಗಿಯಿತು. ಬದಿಯಲ್ಲಿ ತಿರುಗುವ ದಿಕ್ಕಿನ ಬಾಣ ಇರುವ ಟೈರ್‌ಗೆ ಮಾತ್ರ ಹೀಗೆ ಮಾಡಬೇಡಿ. ಟೈರ್ ಒಳಗೆ ಸುರಿಯುವ ಪಂಕ್ಚರ್ ದ್ರವ ನನಗಂತೂ ಬೇಡ. ಅದು ಒಂದೇ ಕಡೆ ಸೇರಿಕೊಂಡರೆ ಸ್ಟೀರಿಂಗ್ ನಡುಗುತ್ತದೆ, ಜನ ಬೇರೆ ಭಾಗ ಬದಲಿಸುತ್ತಾ ಹೋಗುತ್ತಾರೆ.

ಮೂರನೆಯದಾಗಿ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ. ಬ್ರೇಕ್ ಆದಷ್ಟು ಕಡಿಮೆ ಬಳಸಿ. ನಿಲ್ಲಿಸಿದ ಮೇಲೆ ಪ್ರತಿ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಆ ಚಕ್ರದ ಬ್ರೇಕ್ ಬಿಡದೆ ಹಿಡಿದುಕೊಂಡಿರಬಹುದು.

ಈಗ ಎಲ್ಲರೂ ಎಡವುವ ಹಂತ, ಕೀಲುಗಳ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಗಳಿಗೆ ಕಲ್ಲು. ಮುಂದಿನ ಚಕ್ರ ಎತ್ತಿದ ಮೇಲೆ ಕಾರಿನ ಕೆಳಗೆ ಆಸರೆಯ ಸ್ಟ್ಯಾಂಡ್ ಕೊಡಲೇಬೇಕು. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಕೈ ಹಾಕಬೇಡಿ.

ಚಕ್ರವನ್ನು ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿದು ಒಂದು ಕೈಯಿಂದ ತಳ್ಳಿ, ಇನ್ನೊಂದರಿಂದ ಎಳೆಯಿರಿ. ಒಳಗೆ ಕೂತವರು ಸ್ಟೀರಿಂಗ್ ಅಲುಗದಂತೆ ಹಿಡಿದಿರಲಿ. ಆಮೇಲೆ 12 ಮತ್ತು 6ರಲ್ಲಿ ಹಿಡಿದು ಮತ್ತೆ ಹಾಗೇ ಮಾಡಿ. 9–3ರಲ್ಲಿ ಮಾತ್ರ ಆಟ (ಸಡಿಲ ಅಲುಗಾಟ) ಇದ್ದರೆ ಟೈ ರಾಡ್ ಕಡೆ ನೋಡಿ. 12–6ರಲ್ಲೂ ಇದ್ದರೆ ಒಳಗಿನವರಿಗೆ ಬ್ರೇಕ್ ಒತ್ತಲು ಹೇಳಿ. ಆಟ ನಿಂತರೆ ಚಕ್ರದ ಬೇರಿಂಗ್ ಹೋಗಿದೆ, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಚಕ್ರದ ಭಾಗವನ್ನು ಸಸ್ಪೆನ್ಷನ್ ತೋಳಿಗೆ ಸೇರಿಸುವ ಗುಂಡು ಕೀಲು). ಜೋರಾಗಿ ಅಲುಗಾಡಿಸಿದರೆ ಇಡೀ ಕಾರೇ ಅಲ್ಲಾಡಿ ಏನೂ ತಿಳಿಯುವುದಿಲ್ಲ. ಸಣ್ಣದಾಗಿ, ಚುರುಕಾಗಿ ಮಾಡಿ.

ಇಷ್ಟರಲ್ಲೂ ಖಚಿತವಾಗದಿದ್ದರೆ ಕಾರು ಕೆಳಗಿಳಿಸಿ, ಎಂಜಿನ್ ಆಫ್ ಮಾಡಿ. ಸ್ಟೀರಿಂಗ್‌ಗೆ ಬೀಗ ಬೀಳದಂತೆ ಕೀ ಒಂದು ಹಂತ ತಿರುಗಿಸಿಟ್ಟು, ಒಳಗಿನವರು ಸ್ಟೀರಿಂಗನ್ನು ಎರಡು ಬೆರಳಷ್ಟು ಮಾತ್ರ ಎಡಬಲ ಆಡಿಸಲಿ. ನೀವು ಚಕ್ರದ ಹಿಂದೆ ಟೈ ರಾಡ್ ಎಂಡ್ ಮೇಲೆ ಬೆರಳಿಡಿ. ಸಂದಿಗೆ ಬೆರಳು ಹೋಗದಿರಲಿ. ಒಳ್ಳೆಯ ಕೀಲು ರಾಡ್ ಜೊತೆ ಒಂದಾಗಿ ಚಲಿಸುತ್ತದೆ. ಸವೆದದ್ದರಲ್ಲಿ ರಾಡ್ ಮೊದಲು ಅಲುಗುತ್ತದೆ, ಅದು ಸೇರುವ ಚಕ್ರದ ತೋಳು ಒಂದು ಕ್ಷಣ ತಡವಾಗಿ ಬರುತ್ತದೆ, ಬೆರಳಿಗೆ ‘ಟಕ್’ ಅಂತ ತಗಲುತ್ತದೆ. ಅಣ್ಣನ ಕಾರಿನದು ಸಿಕ್ಕಿದ್ದು ಹೀಗೇ. ರಬ್ಬರ್ ಹರಿದು, ಗ್ರೀಸ್ ಜಾಗದಲ್ಲಿ ತುಕ್ಕುಬಣ್ಣದ ಮಣ್ಣು ಕೂತಿತ್ತು. ಇಂಥ ಕೀಲಿಗೆ ಸಿರಿಂಜಿನಿಂದ ಗ್ರೀಸ್ ತುಂಬಿಸುವವರಿದ್ದಾರೆ. ಸದ್ದು ಕೆಲವು ದಿನ ಅಡಗುತ್ತದೆ, ಸವೆತ ಹಾಗೇ ಇರುತ್ತದೆ. ಕೀಲು ಕಳಚಿದರೆ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಬದಲಿಸಿಬಿಡಿ.

ಎಳೆತ ಇಲ್ಲ, ಆದರೆ ಸ್ಟೀರಿಂಗ್ ಒಮ್ಮೆ ಹಗುರ, ಒಮ್ಮೆ ಗಟ್ಟಿ ಅನ್ನಿಸುತ್ತದೆಯಾ? ನಿಧಾನವಾಗಿ ತಿರುಗಿಸಿ. ಒಂದು ಸುತ್ತಿನಲ್ಲಿ ಎರಡು ಕಡೆ ಗಟ್ಟಿಯಾದರೆ ಸ್ಟೀರಿಂಗ್ ಶಾಫ್ಟಿನ ಯೂನಿವರ್ಸಲ್ ಜಾಯಿಂಟ್ (ಶಾಫ್ಟ್ ಬಾಗುವ ಜಾಗದ ಕೀಲು) ಬಿಗಿದಿರುವ ಸಾಧ್ಯತೆ ಜಾಸ್ತಿ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದೆ, ಸ್ಪ್ರಿಂಗ್ ‘ಟಣ್’ ಎಂದು ಜಿಗಿದರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಭಾಗ) ಮೇಲಿನ ಬೇರಿಂಗ್ ನೋಡಿಸಿ. ವೇಗ ಕೊಟ್ಟಾಗ ಒಂದು ಕಡೆ, ಬ್ರೇಕ್ ಹಾಕಿದಾಗ ಇನ್ನೊಂದು ಕಡೆ ವಾಲಿದರೆ ಲೋವರ್ ಆರ್ಮ್ ಬುಷ್ (ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳಿನ ರಬ್ಬರ್) ಹರಿದಿರಬಹುದು. ಪವರ್ ಸ್ಟೀರಿಂಗ್ ಆಯಿಲ್ ಕಡಿಮೆಯಾಗುತ್ತಿದ್ದರೆ ಸೋರಿಕೆ ಹುಡುಕಿ. ಸೋರಿಕೆ ನಿಲ್ಲಿಸುವ ಬಾಟಲಿ ಔಷಧ ರಬ್ಬರ್ ಸೀಲನ್ನು ಉಬ್ಬಿಸಿ ಸ್ವಲ್ಪ ದಿನ ತಳ್ಳುತ್ತದೆ ಅಷ್ಟೇ.

ಟೈ ರಾಡ್ ಎಂಡ್ ಬಿಚ್ಚುವಾಗ ಎಷ್ಟು ಸುತ್ತು ತಿರುಗಿಸಿದಾಗ ಕಳಚಿತು ಅಂತ ಎಣಿಸಿ, ಹೊಸದನ್ನೂ ಅಷ್ಟೇ ಸುತ್ತು ಹಾಕಿ. ಕಾಟರ್ ಪಿನ್ (ನಟ್ ಸಡಿಲವಾಗದಂತೆ ತುದಿ ಬಗ್ಗಿಸಿ ಹಾಕುವ ಪಿನ್) ಇದ್ದರೆ ಹಳೆಯದನ್ನೇ ಮತ್ತೆ ಬಗ್ಗಿಸಿ ಹಾಕಬೇಡಿ.

ಈಗ ಅಲೈನ್‌ಮೆಂಟ್‌ಗೆ ಹೋಗಿ. ಶುರು ಮಾಡುವ ಮೊದಲು ಸ್ಟೀರಿಂಗ್ ನೇರ ನಿಲ್ಲಿಸಿದ್ದಾರಾ ನೋಡಿ. ಮೊದಲಿನ ಅಳತೆ, ನಂತರದ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ಪಡೆದು ಡ್ಯಾಶ್‌ಬೋರ್ಡ್‌ನಲ್ಲಿಡಿ. ಮುಂದಿನ ಸಲ ಎಳೆತ ಬಂದಾಗ ಯಾವ ಚಕ್ರದ ಅಳತೆ ಜಾರಿದೆ ಅಂತ ಅದರಲ್ಲೇ ಹೋಲಿಸಿ ನೋಡಬಹುದು.