ಕಂತಿನಲ್ಲಿ ಮಾಡಿದ ಕುಸ್ವಾರ್: ನನ್ನ ಅನುಭವ

"ನೆವ್ರಿಯನ್ನ ಫ್ರೀಜರಿನಲ್ಲಿ ಇಡ್ತೀಯಾ? ಅದೇನು ಬಂಗುಡೆ ಮೀನಾ ಪುತಾ?" ಅಂತ ಅಮ್ಮ ಫೋನಿನಲ್ಲೇ ನಕ್ಕರು. ಅತ್ತೆ ನಗಲಿಲ್ಲ, ಅದು ಇನ್ನೂ ಕಷ್ಟ. "ನಿಮ್ಮಿಷ್ಟ" ಅಂದರು, ಅಷ್ಟೇ. 2024ರ ಕ್ರಿಸ್ಮಸ್ ಮುಗಿದ ಮೇಲೆ ಅದೇ ನೆವ್ರಿ ಮಂಗಳೂರಿಗೆ ಹೋಗಿ, ಇಬ್ಬರ ಕೈಯಲ್ಲೂ ಖಾಲಿಯಾಗಿ, ಬರೀ ಡಬ್ಬ ಬೆಂಗಳೂರಿಗೆ ವಾಪಸ್ ಬಂತು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಕುಸ್ವಾರ್ ಅಂದರೆ ನಮ್ಮ ಕರಾವಳಿ ಕ್ರೈಸ್ತರ ಕ್ರಿಸ್ಮಸ್ ತಿಂಡಿಗಳು, ಅದಕ್ಕಿಂತ ಜಾಸ್ತಿ ಶುರುವಿನಿಂದ ಹೇಳುತ್ತಾ ಕೂರಲ್ಲ. ಕರಾವಳಿಯವರಾದರೆ ಪಕ್ಕದ ಮನೆಯಿಂದ ಬಂದ ತಟ್ಟೆಯಲ್ಲಿ ತಿಂದೇ ಇರುತ್ತೀರಿ. ನೆವ್ರಿ ಅಂದರೆ ಕರ್ಜಿಕಾಯಿಯ ಅಣ್ಣತಮ್ಮ. ಕಿಡ್ಯೊ ಅಂದರೆ ಬಾಚಣಿಗೆ ಮೇಲೆ ಒತ್ತಿ ಸುತ್ತಿದ ಹುಳ, ಕೊಕ್ಕಿಸಾಂ ಅಂದರೆ ಬೇಕರಿಯವರು ರೋಸ್ ಕುಕ್ಕೀಸ್ ಅಂತ ಮಾರುವುದು. ಮಾಡಿ ಗೊತ್ತಿರುವವರಿಗೆ ಅಳತೆಯೂ ಗೊತ್ತು. ನನ್ನ ಕಷ್ಟ ಅಳತೆಯದ್ದಾಗಿರಲಿಲ್ಲ.

ಊರಲ್ಲಿ ಕುಸ್ವಾರ್ ಅಂದರೆ ಆರೇಳು ಹೆಂಗಸರು, ಅಂಗಳದಲ್ಲಿ ಸೌದೆ ಒಲೆ, ದೊಡ್ಡ ಬಾಣಲೆ, ಒಂದು ಇಡೀ ದಿನ. ನಮಗೆ ಮಕ್ಕಳಿಗೆ ಹೊಸ ಬಾಚಣಿಗೆ ಕೊಟ್ಟು ಕಿಡ್ಯೊ ಸುತ್ತೋಕೆ ಕೂರಿಸುತ್ತಿದ್ದರು. ಇಲ್ಲಿ ಬೆಂಗಳೂರಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ, ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಹಿಂದೆ ಸರಿಯಬೇಕು. ಹೆಂಡತಿ ನರ್ಸ್, ಡಿಸೆಂಬರಿನಲ್ಲಿ ಅವಳ ಡ್ಯೂಟಿ ಯಾವಾಗ ಬದಲಾಗುತ್ತೆ ಅಂತ ಅವಳಿಗೇ ಗೊತ್ತಿರಲ್ಲ. ಹಾಗಾಗಿ ಕುಸ್ವಾರ್ ನನ್ನ ಪಾಲಿಗೆ ಬಂತು. ಗಂಡಸು ನೆವ್ರಿ ಮಡಚಿದ್ದನ್ನು ನಮ್ಮ ಕಡೆ ಯಾರೂ ನೋಡಿಲ್ಲ, ಅದೂ ಒಂದು ನಗು.

2022ರಲ್ಲಿ ಊರಿನ ಲೆಕ್ಕದಲ್ಲೇ ಒಂದೇ ದಿನಕ್ಕೆ ಎಲ್ಲ ಮುಗಿಸೋಣ ಅಂತ ಹೊರಟೆ. 23ನೇ ತಾರೀಕು ಶುಕ್ರವಾರ ರಜೆ ಹಾಕಿದ್ದೆ. ಬೆಳಿಗ್ಗೆ ಎಂಟಕ್ಕೆ ಶುರು. ಮೊದಲು ಹಾಕಿದ್ದು ನೆವ್ರಿ, ಅದೇ ತಪ್ಪು. ಹನ್ನೆರಡರಲ್ಲಿ ಐದು ಬಾಯಿ ಬಿಟ್ಟವು. ಎಳ್ಳು, ಸಕ್ಕರೆ, ಕೊಬ್ಬರಿ ಎಲ್ಲ ಎಣ್ಣೆಗೆ ಬಿದ್ದು ಕಪ್ಪಾಯಿತು, ಆಮೇಲೆ ಅದೇ ಎಣ್ಣೆಯಲ್ಲಿ ಏನು ಕರಿದರೂ ಮೈ ತುಂಬ ಕರಿ ಚುಕ್ಕೆ. ಎಣ್ಣೆ ಸೋಸಿದೆ, ಮತ್ತೆ ಒಡೆಯಿತು, ಮತ್ತೆ ಸೋಸಿದೆ. ಮೂರು ಲೀಟರ್ ಹಾಳು. ಸಂಜೆ ಗುಳಿಯೊ ಕರಿಯೋಕೆ ಹೋದರೆ ಅಕ್ಕಿ ಹಿಟ್ಟಿನ ಉಂಡೆಗಳು ಪಟಾಕಿ ಥರ ಸಿಡಿದವು, ಒಂದು ಚಿಮಣಿಗೆ ಹೊಡೆದು ಕೆಳಗೆ ಬಿತ್ತು. ಎರಡು ವರ್ಷದ ಮಗಳು ಚಪ್ಪಾಳೆ ತಟ್ಟಿದಳು. ರಾತ್ರಿ ಒಂಬತ್ತಕ್ಕೆ ಸಿಲಿಂಡರ್ ಮುಗಿಯಿತು. ಬದಲಿ ಸಿಲಿಂಡರ್ ಇರಲಿಲ್ಲ. ಕಲಸಿಟ್ಟ ಹಿಟ್ಟಿನಲ್ಲಿ ಮರುದಿನ ಪಕ್ಕದ ಮನೆಯ ಒಲೆಯಲ್ಲಿ ಪೂರಿ ಮಾಡಿ ತಿಂದೆವು. ಸಿಹಿ ಪೂರಿ, ಅಷ್ಟು ಕೆಟ್ಟದಾಗಿರಲಿಲ್ಲ.

2023 ಇನ್ನೊಂದು ಥರ. ಆ ವರ್ಷ ಆಗಮನ ಕಾಲದ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳ, ನಾಲ್ಕನೇ ಭಾನುವಾರ ಬಿದ್ದದ್ದೇ 24ಕ್ಕೆ, ಬೆಳಿಗ್ಗೆ ಭಾನುವಾರದ ಪೂಜೆ, ರಾತ್ರಿ ಹಬ್ಬದ ಪೂಜೆ. ನಾನು ನಂಬಿದ್ದ ಕೊನೆಯ ವಾರಾಂತ್ಯ ಹಾಗೇ ಕೈಬಿಟ್ಟು ಹೋಯಿತು. ಹೆಂಡತಿ ಏಳು ತಿಂಗಳ ಬಸುರಿ, ಎಣ್ಣೆ ವಾಸನೆ ಬಂದರೆ ಬಾತ್‌ರೂಮಿಗೆ ಓಡುತ್ತಿದ್ದಳು. ಕೊಕ್ಕಿಸಾಂ ಒಂದನ್ನಾದರೂ ಮಾಡೋಣ ಅಂತ ಹೊಸ ಕಬ್ಬಿಣದ ಅಚ್ಚು ತಂದೆ, ಮುನ್ನೂರು ರೂಪಾಯಿ ಇರಬೇಕು. ಪಳಗಿಸದೆ ನೇರ ಹಿಟ್ಟಿಗೆ ಅದ್ದಿದೆ. ಒಂದೂ ಬಿಡಲಿಲ್ಲ. ಚಾಕುವಿನಿಂದ ಕೆರೆದು ತೆಗೆದ ಹೂವುಗಳು ಹೂವಾಗಿರಲಿಲ್ಲ. ಕೊನೆಗೆ ಅಂಗಡಿಯಿಂದ ಮೂರು ಕೆಜಿ ತಂದೆವು, ಕೆಜಿಗೆ ಏಳುನೂರರ ಹತ್ತಿರ. ಹಳೆ ಎಣ್ಣೆಯ ವಾಸನೆ. ಅಮ್ಮ ಒಂದು ನೆವ್ರಿ ಮುರಿದು ನೋಡಿ ಹಾಗೇ ತಟ್ಟೆಯಲ್ಲಿ ಇಟ್ಟರು. ಆ ಇಟ್ಟ ರೀತಿ ನನಗೆ ಒಂದು ವರ್ಷ ಮರೆಯಲಿಲ್ಲ.

2024ಕ್ಕೆ ಬಂದ ಯೋಚನೆ ಸರಳ. ಒಂದು ದಿನ ಸಿಗಲ್ಲ ಅಲ್ವಾ, ಹಾಗಾದರೆ ನಾಲ್ಕು ವಾರದಲ್ಲಿ ಕಂತಿನಲ್ಲಿ ಕಟ್ಟೋಣ. ಆ ವರ್ಷ ಆಗಮನ ಕಾಲ ಡಿಸೆಂಬರ್ 1ಕ್ಕೇ ಶುರುವಾಗಿತ್ತು, ಹಬ್ಬ ಬುಧವಾರ, ನಾಲ್ಕು ಭಾನುವಾರವೂ ಪೂರ್ತಿ ಕೈಗೆ. ತುಕ್ಡಿ (ಶಂಕರಪೋಳಿ ಥರದ್ದು), ಕಿಡ್ಯೊ ಮೊದಲ ವಾರ, ಪಾಕದಲ್ಲಿ ಹೊರಳಿಸಿದ್ದು ತಿಂಗಳಿದ್ದರೂ ಕೆಡಲ್ಲ. ಕೊಕ್ಕಿಸಾಂ ಮೂರನೇ ವಾರ. ಸಮಸ್ಯೆ ನೆವ್ರಿಯದ್ದೇ. ಕರಿದು ಮೂರು ವಾರ ಇಟ್ಟರೆ ಕೊಬ್ಬರಿ ಕಮಟು ಹಿಡಿಯುತ್ತೆ, ಹಬ್ಬದ ಹತ್ತಿರ ಮಾಡೋಣ ಅಂದರೆ ಲಟ್ಟಿಸಿ ತುಂಬಿ ಮಡಚೋಕೆ ಎಂಟು ತಾಸು ಬೇಕು. ಅದಕ್ಕೇ ಎರಡನೇ ವಾರ ಮಡಚಿ ಹಸಿಯಾಗೇ ಫ್ರೀಜರಿಗೆ, ಹಬ್ಬಕ್ಕೆ ಮೂರು ದಿನ ಇದ್ದಾಗ ಕರಿಯುವುದು ಅಂತ ತೀರ್ಮಾನಿಸಿದೆ. ಅಮ್ಮ ನಕ್ಕಿದ್ದು ಇದಕ್ಕೇ.

ಆದರೆ ನವೆಂಬರಿನಲ್ಲೇ ಆರಾರು ನೆವ್ರಿ ಮಾಡಿ ಪರೀಕ್ಷೆ ಮಾಡಿದ್ದೆ, ಇದನ್ನು ಅವರಿಗೆ ಹೇಳಿರಲಿಲ್ಲ. ಮೊದಲ ಸಲ ಡಬ್ಬದಲ್ಲಿ ಒಂದರ ಮೇಲೊಂದು ಇಟ್ಟೆ. ಆರೂ ಅಂಟಿ ಒಂದೇ ನೆವ್ರಿ ಆಯಿತು. ಎರಡನೇ ಸಲ ತಟ್ಟೆಯಲ್ಲಿ ಹರಡಿ ಗಟ್ಟಿ ಮಾಡಿದೆ, ಸರಿ, ಆದರೆ ಕರಿಯುವ ಮೊದಲು ಹೊರಗೆ ತೆಗೆದು ಒಂದು ಗಂಟೆ ಬಿಟ್ಟೆ. ಮೈಯೆಲ್ಲ ಬೆವರಿತು. ಎಣ್ಣೆಗೆ ಬಿಟ್ಟದ್ದೇ ತಡ ಸಿಡಿದು ಮಣಿಕಟ್ಟಿನ ಮೇಲೆ ಎರಡು ಗುಳ್ಳೆ, ನೆವ್ರಿಯ ಮೇಲೆ ಇಪ್ಪತ್ತು. ಮೂರನೇ ಸಲ ಫ್ರೀಜರಿನಿಂದ ನೇರ ಬಾಣಲೆಗೆ. ಹೊರಗೆ ಕೆಂಪಾಯಿತು, ಒಳಗಿನ ಪದರ ಹಸಿ, ಎರಡು ಬಾಯಿ ಬಿಟ್ಟವು. ನಾಲ್ಕನೇ ಸಲಕ್ಕೆ ಗೊತ್ತಾಯಿತು. ಎಣ್ಣೆ ನಾವು ಅಂದುಕೊಂಡದ್ದಕ್ಕಿಂತ ಕಡಿಮೆ ಕಾದಿರಬೇಕು, ಹಿಟ್ಟಿನ ಚೂರು ಹಾಕಿದರೆ ನಿಧಾನವಾಗಿ ಯೋಚನೆ ಮಾಡಿಕೊಂಡು ಮೇಲೆ ಬರಬೇಕು. ಒಂದು ಸಲಕ್ಕೆ ನಾಲ್ಕೇ, ಐದನೆಯದನ್ನು ಹಾಕಿದರೆ ಎಣ್ಣೆ ತಣ್ಣಗಾಗಿ ನೆವ್ರಿ ಎಣ್ಣೆ ಕುಡಿಯುತ್ತೆ. ಉರಿ ಸಣ್ಣ, ಒಂದು ಕಂತಿಗೆ ಎಂಟು ಒಂಬತ್ತು ನಿಮಿಷ. ಆರಕ್ಕೆ ಆರೂ ಗಟ್ಟಿ ನಿಂತವು. ರಾತ್ರಿ ಹನ್ನೊಂದೂವರೆಗೆ ಹೆಂಡತಿಯನ್ನ ಎಬ್ಬಿಸಿ ತೋರಿಸಿದೆ. ಅವಳು ಒಂದು ತಿಂದು ಮತ್ತೆ ಮಲಗಿದಳು.

ಹೂರಣದ ಬಗ್ಗೆ ಒಂದು ಮಾತು. ಒಣದ್ರಾಕ್ಷಿಯೇ ಕಳ್ಳ. ಇಡಿಯಾಗಿ ಹಾಕಿದರೆ ಎಣ್ಣೆಯಲ್ಲಿ ಉಬ್ಬಿ ಅಂಚನ್ನು ತಳ್ಳುತ್ತೆ. ನಾನು ನಾಲ್ಕು ಚೂರು ಮಾಡಿ ತುಪ್ಪದಲ್ಲಿ ಬಾಡಿಸಿ ಹಾಕುತ್ತೇನೆ. ಕೊಬ್ಬರಿ, ಎಳ್ಳು ಹುರಿದು ಪೂರ್ತಿ ಆರಿದ ಮೇಲೇ ಸಕ್ಕರೆ ಪುಡಿ, ಬೆಚ್ಚಗಿದ್ದಾಗ ಹಾಕಿದರೆ ನೀರೊಡೆಯುತ್ತೆ. ಅಂಚು ಅಂಟಿಸೋಕೆ ಎಲ್ಲರೂ ನೀರು ಅಥವಾ ಹಾಲು ಹಚ್ಚುತ್ತಾರೆ. ನಾನು ಬೇರೆ ಒಂದು ಹಚ್ಚುತ್ತೇನೆ, ಮನೆಯಲ್ಲೇ ಇರುವಂಥದ್ದೇ. ಅದನ್ನ ಮಾತ್ರ ಇಲ್ಲಿ ಬರೆಯಲ್ಲ, ಬೇಜಾರು ಮಾಡ್ಕೋಬೇಡಿ, ನಾಲ್ಕು ಲೀಟರ್ ಎಣ್ಣೆ ಸುರಿದು ಕಲಿತದ್ದು.

ಕೊಕ್ಕಿಸಾಂ ಅಚ್ಚಿನ ಕಥೆಯೂ ಮುಗಿಸಿಬಿಡುತ್ತೇನೆ. ಹಳೆ ಅಚ್ಚನ್ನೇ ಎರಡು ರಾತ್ರಿ ಅನ್ನದ ಗಂಜಿಯಲ್ಲಿ, ಆಮೇಲೆ ಎರಡು ದಿನ ಕೊಬ್ಬರಿ ಎಣ್ಣೆಯಲ್ಲಿ ಮುಳುಗಿಸಿಟ್ಟೆ. ಆದರೂ ಮೊದಲ ಹದಿನೈದು ಹೋದವು, ಅವು ಹೋಗಲೇಬೇಕು ಅಂತ ಅಮ್ಮ ಹೇಳಿದ್ದರು. ಆಮೇಲೆ ಕಿವಿಯೇ ಗುರು. ಅಚ್ಚು ಹಿಟ್ಟಿಗೆ ಮುಟ್ಟಿದಾಗ "ಸುಯ್" ಅನ್ನಬೇಕು. "ಚರ್" ಅಂದರೆ ಜಾಸ್ತಿ ಕಾದಿದೆ, ಹಿಟ್ಟು ಹಿಡಿಯದೆ ಜಾರುತ್ತೆ. ಏನೂ ಅನ್ನದಿದ್ದರೆ ತಣ್ಣಗಿದೆ, ಕಚ್ಚಿಕೊಂಡು ಕೂರುತ್ತೆ. ಮುಕ್ಕಾಲು ಭಾಗಕ್ಕಿಂತ ಮೇಲೆ ಅದ್ದಲೇಬಾರದು. ಎಂಬತ್ತೋ ತೊಂಬತ್ತೋ ಮಾಡಿದೆ, ಲೆಕ್ಕ ಇಟ್ಟಿದ್ದು ಮಗಳು, ಅವಳಿಗೆ ಇಪ್ಪತ್ತರ ಮೇಲೆ ಬರಲ್ಲ.

ಸುಮ್ನೆ ಇರಲಾರದೆ ಮಾಡಿದ ಪ್ರಯೋಗಗಳೂ ಇವೆ. ರಾಗಿ ಹಿಟ್ಟಿನ ನೆವ್ರಿ ಮಾಡಿದೆ, ಮಡಚುವಾಗಲೇ ಬಿರುಕು ಬಿಟ್ಟವು, ಮೈದಾ ಅರ್ಧಕ್ಕರ್ಧ ಬೆರೆಸಿದ ಮೇಲೆ ನಿಂತವು, ಆದರೆ ತಿಂದರೆ ಔಷಧಿ ನೆನಪಾಗುತ್ತಿತ್ತು. ಏರ್ ಫ್ರೈಯರಿನಲ್ಲಿ ಕಿಡ್ಯೊ ಮಾಡಿದೆ. ಎಣ್ಣೆ ಉಳಿಯುತ್ತೆ ಅಂತ ಆಸೆ. ಬಂದದ್ದು ಜಲ್ಲಿಕಲ್ಲು. ಒಂದು ಬಟ್ಟಲು ಹಾಗೇ ಉಳಿಯಿತು, ಮಗಳು ಅದರಲ್ಲಿ ಐದು ಕಲ್ಲಿನ ಆಟ ಆಡಿದಳು. ಗುಳಿಯೊ ಮಾತ್ರ ಈ ಸಲ ಸಿಡಿಯಲಿಲ್ಲ. ಹಿಟ್ಟನ್ನು ಎರಡು ಸಲ ಜರಡಿ ಹಿಡಿದು, ಉಂಡೆ ಜಾಸ್ತಿ ಒತ್ತದೆ ಕಟ್ಟಿ, ಒಂದೊಂದಕ್ಕೂ ಸೂಜಿಯಲ್ಲಿ ಚುಚ್ಚಿದೆ. ಚುಚ್ಚುವಾಗ ನನ್ನ ಹೆಂಡತಿ, "ಇಂಜೆಕ್ಷನ್ ನಾನು ಕೊಡ್ತೀನಿ ಬಿಡು, ನನಗೆ ಅಭ್ಯಾಸ ಇದೆ" ಅಂತ ಡ್ಯೂಟಿಯಿಂದ ಬಂದವಳು ಸಮವಸ್ತ್ರದಲ್ಲೇ ಕೂತು ಅರ್ಧ ಮುಗಿಸಿದಳು.

ಖರ್ಚಿನ ಲೆಕ್ಕ ಬಾಯಿಲೆಕ್ಕ. ಎಣ್ಣೆ ಐದು ಲೀಟರ್ ಏಳುನೂರೈವತ್ತು ಅಂದುಕೊಳ್ಳಿ. ಗೋಡಂಬಿ ಅರ್ಧ ಕೆಜಿ ಐನೂರರ ಹತ್ತಿರ, ಇಡಿ ಬೇಡ, ತುಂಡು ಸಾಕು, ಹೇಗೂ ಚೂರು ಮಾಡುತ್ತೀರಿ. ತುಪ್ಪ, ಕೊಬ್ಬರಿ, ಮೈದಾ, ಮೊಟ್ಟೆ ಎಲ್ಲ ಸೇರಿ ಮೂರು ಸಾವಿರದ ಮೇಲೆ ಇನ್ನೂರೋ ಮುನ್ನೂರೋ. ಬಂದದ್ದು ಏಳೂವರೆ ಕೆಜಿ. ಅಂಗಡಿಯಲ್ಲಾದರೆ ಐದು ಸಾವಿರ ದಾಟುತ್ತಿತ್ತು. ಎರಡು ಸಾವಿರ ಉಳಿಸಿದೆ ಅಂತ ಎದೆ ಉಬ್ಬಿಸಿದರೆ ಹೆಂಡತಿ, "ನವೆಂಬರ್‌ದು ಸೇರಿಸಿದ್ಯಾ?" ಅಂದಳು. ಸೇರಿಸಿರಲಿಲ್ಲ.

ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಅದರ ಕೆಲಸ ಮಗಳ ಉಸ್ತುವಾರಿಯಲ್ಲಿ ನಡೆಯಿತು. ಅದರ ಹಸಿರಿಗೆ ಅಂತ ಗೆರಟೆಯಲ್ಲಿ ಮಣ್ಣು ತುಂಬಿ 12ಕ್ಕೆ ರಾಗಿ ಬಿತ್ತಿದೆವು. ತಮ್ಮನಿಗೆ ಕೊಡುವ ಹಾಗೆ ಸಸಿಗೂ ಹಾಲು ಕೊಡಬೇಕು ಅಂತ ಅವಳು ದಿನಾ ಸಂಜೆ ಹಾಕಿದ್ದು ನಮಗೆ ಗೊತ್ತಾದದ್ದು ವಾಸನೆ ಬಂದ ಮೇಲೆ. ಬೂಸ್ಟು ಹಿಡಿದ ಮಣ್ಣು ಎಸೆದು 17ಕ್ಕೆ ಸಾಸಿವೆ ಹಾಕಿದೆ. ಬೆಂಗಳೂರಿನ ಚಳಿಯಲ್ಲೂ ಹಬ್ಬಕ್ಕೆ ಬೆರಳುದ್ದ ಹಸಿರು ಬಂತು. ತಡವಾದವರಿಗೆ ಸಾಸಿವೆಯೇ ಗತಿ.

ಆಮೇಲೆ ಬಾಲಯೇಸು ಕಾಣೆಯಾದ. ಊರಿನಿಂದ ತಂದ ಹಳೆ ಸೆಟ್ಟು, ಹೆಬ್ಬೆರಳು ಗಾತ್ರದ ಮಗು. 24ರ ರಾತ್ರಿ ಪೂಜೆ ಮುಗಿಸಿ ಬಂದು ಇಡುವುದು ಪದ್ಧತಿ, ಅಲ್ಲಿತನಕ ಬೀರುವಿನಲ್ಲಿ ಇಟ್ಟಿದ್ದೆ. 18ಕ್ಕೆ ನೋಡಿದರೆ ಇಲ್ಲ. ಸೋಫಾ ಅಡಿ, ಚಿಕ್ಕವನ ತೊಟ್ಟಿಲು, ಕಸದ ಬುಟ್ಟಿ, ಎಲ್ಲ ಹುಡುಕಿದೆವು. ಚಿಕ್ಕವನಿಗೆ ಹತ್ತು ತಿಂಗಳು, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ವಯಸ್ಸು. ಎರಡು ದಿನ ಹೆಂಡತಿ ಅವನ ಡೈಪರ್ ನೋಡಿದ ಗಾಂಭೀರ್ಯ ನಾನು ಇಲ್ಲಿ ಬರೆಯಲ್ಲ. ಹೊಸದು ಕೊಳ್ಳೋಕೆ ಶಿವಾಜಿನಗರಕ್ಕೆ ಹೋದರೆ ಮಗು ಒಂದನ್ನೇ ಕೊಡಲ್ಲ, ಇಡೀ ಕುಟುಂಬ ತಗೋಬೇಕು ಅಂದರು.

21ರ ರಾತ್ರಿ ಮಕ್ಕಳು ಮಲಗಿದ ಮೇಲೆ ನೆವ್ರಿ ಕರಿಯೋಕೆ ನಿಂತೆ. ತೊಂಬತ್ತೆರಡು ಇದ್ದವು. ಮೂರನೇ ಕವರ್ ಬಿಚ್ಚಿ ನಾಲ್ಕು ತೆಗೆದರೆ ಒಂದು ಯಾಕೋ ಸಣ್ಣದು, ಭಾರ ಬೇರೆ. ಕರ್ಚೀಫಿನಲ್ಲಿ ಸುತ್ತಿತ್ತು. ಒಳಗೆ ಬಾಲಯೇಸು, ಮೈ ಮೇಲೆ ತೆಳ್ಳಗೆ ಮಂಜು. ಎರಡು ವಾರದ ಹಿಂದೆ ತಟ್ಟೆಗಳನ್ನು ಒಳಗಿಡುವಾಗ, "ಸದ್ದು ಮಾಡಬೇಡ, ಇವೆಲ್ಲ ಮಲಗಿವೆ, ಕ್ರಿಸ್ಮಸ್ಸಿಗೆ ಎಬ್ಬಿಸೋಣ" ಅಂತ ಮಗಳಿಗೆ ಹೇಳಿದ್ದು ನಾನೇ. ಕುರ್ಚಿ ಹತ್ತಿ ಮಲಗಿಸಿದ್ದಾಳೆ. ಒಂದು ಕಾಲಿನ ಬಣ್ಣ ಎದ್ದಿತ್ತು, ಬಿಟ್ಟರೆ ಕ್ಷೇಮ. ಅವನನ್ನು ಕಿಟಕಿ ಹತ್ತಿರ ಬಟ್ಟೆಯ ಮೇಲೆ ಇಟ್ಟು ಕರಿಯುವುದು ಮುಂದುವರಿಸಿದೆ. ತೊಂಬತ್ತೆರಡರಲ್ಲಿ ಬಾಯಿ ಬಿಟ್ಟದ್ದು ಮೂರು. ಬರೀ ಮೂರು!

ಹೆಂಡತಿಗೆ ರಜೆ ಸಿಕ್ಕಿದ್ದು 26ರಿಂದ. ಅಷ್ಟರಲ್ಲಿ ಮಹಡಿ ಮನೆ, ಎದುರು ಮನೆ, ಅವಳ ವಾರ್ಡು ಅಂತ ಹಂಚಿ ಎರಡು ಕೆಜಿ ಉಳಿದಿತ್ತು. ಊರಿಗೆ ಹೋಗಿ ಡಬ್ಬ ಅಮ್ಮನ ಮುಂದೆ ಇಟ್ಟೆ. ಅತ್ತೆಯೂ ಬಂದಿದ್ದರು. ಅಮ್ಮ ಒಂದು ನೆವ್ರಿ ತೆಗೆದು ಮೂಸಿದರು. ಅಂಚನ್ನು ಉಗುರಿನಿಂದ ಒತ್ತಿ ನೋಡಿದರು. ಮುರಿದರು, ಈ ಸಲ ವಾಪಸ್ ಇಡಲಿಲ್ಲ. ಅತ್ತೆ ಎರಡನೆಯದಕ್ಕೆ ಕೈ ಹಾಕಿದ್ದನ್ನು ನಾನು ನೋಡಿಯೂ ನೋಡದ ಹಾಗೆ ಕೂತೆ.

"ಅಂಚಿಗೆ ಏನು ಹಚ್ಚಿದ್ದು ಪುತಾ?" ಅಂದರು ಅಮ್ಮ.

"ಬಂಗುಡೆಗೆ ಹಚ್ಚೋದನ್ನೇ" ಅಂದೆ.