ಹೊಸ ಎಂಜಿನ್‌ಗೆ ಮಸಿ ಬಳಿದ ಕಥೆ

ಡಬ್ಬಿಯಿಂದ ತೆಗೆದಾಗ ಆ ಪುಟ್ಟ ಮಾದರಿ ಉಗಿ ಎಂಜಿನ್ ಫಳಫಳ ಹೊಳೆಯುತ್ತಿತ್ತು. ಕಪ್ಪು ಬಾಯ್ಲರ್, ಮುಂದೆ ಕೆಂಪು ಬಫರ್ ಬೀಮ್ (ಅಡ್ಡ ತೊಲೆ), ಕ್ಯಾಬಿನ ಪಕ್ಕದಲ್ಲಿ ಸಾಸಿವೆಗಿಂತ ಸಣ್ಣ ಬಿಳಿ ಅಂಕಿಗಳು. ಎಡಗೈಯಲ್ಲಿ ಅದು, ಬಲಗೈಯಲ್ಲಿ ಚರಂಡಿ ನೀರಿನಂಥ ಬಣ್ಣದಲ್ಲಿ ಅದ್ದಿದ ಬ್ರಷ್. ಕಾಲು ಗಂಟೆ ಸುಮ್ನೆ ಕೂತಿದ್ದೆ. ಆಸೆಪಟ್ಟು ತಂದ ಹೊಸ ವಸ್ತುವಿಗೆ ಕೈಯಾರೆ ಮಸಿ ಬಳಿಯೋದು ಸುಲಭದ ಮಾತಲ್ಲ.

ಆದರೂ ಬಳಿಯಲೇಬೇಕಿತ್ತು. ಹಳಿಯ ಮೇಲೆ ಓಡಿಸಿದಾಗಲೆಲ್ಲ ಅದು ಆಟಿಕೆಯ ಹಾಗೇ ಕಾಣುತ್ತಿತ್ತು. ಯಾಕೆ ಅಂತ ತುಂಬಾ ದಿನ ಗೊತ್ತಾಗಿರಲಿಲ್ಲ. ಆಮೇಲೆ ಒಂದು ಲೆಕ್ಕ ಹಾಕಿ ನೋಡಿದೆ. ನನ್ನದು ಎಚ್‌ಒ ಅಳತೆಯ ಮಾದರಿ, ಅಂದರೆ ನಿಜವಾದದ್ದರ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿ.ಮೀ. ನಾನು 60 ಸೆಂ.ಮೀ. ದೂರದಲ್ಲಿ ನಿಂತು ನೋಡಿದರೆ ನಿಜವಾದ ರೈಲನ್ನು 52 ಮೀಟರ್ ದೂರದಿಂದ ನೋಡಿದಂತೆ. ಅಷ್ಟು ದೂರದಲ್ಲಿ ಯಾವ ಕಪ್ಪೂ ಕಡುಗಪ್ಪಾಗಿ ಕಾಣೋದಿಲ್ಲ, ಯಾವ ಬಿಳಿಯೂ ಅಚ್ಚಬಿಳಿ ಆಗಿರೋದಿಲ್ಲ. ನಡುವಿನ ಗಾಳಿ, ಧೂಳು, ಬೆಳಕು ಎಲ್ಲ ಸೇರಿ ಬಣ್ಣವನ್ನು ತಿಳಿ ಮಾಡಿರುತ್ತವೆ. ಕಾರ್ಖಾನೆಯ ಕಪ್ಪು ಬಣ್ಣದಲ್ಲಿ ಇದೇ ಇರಲಿಲ್ಲ. ಅವತ್ತಿನಿಂದ ಕಪ್ಪು ಬಣ್ಣದ ಬಾಟಲಿಯನ್ನು ಹಾಗೇ ಬಳಸಿದ್ದೇ ಇಲ್ಲ. ಕಪ್ಪು ಬೇಕಾದ ಕಡೆ ಕಡು ಬೂದು, ಬಿಳಿ ಬೇಕಾದ ಕಡೆ ಕೆನೆಯ ಬಣ್ಣ.

ಮೊದಲ ಪ್ರಯತ್ನ ಹಾಳಾಯಿತು. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಕಪ್ಪು ಶಾಯಿ ಬೆರೆಸಿ ಬಳಿದರೆ ಸಂದುಗಳಲ್ಲಿ ಕೊಳೆ ಚೆನ್ನಾಗಿ ಕೂರುತ್ತದೆ ಅಂತ ಕಲಿತಿದ್ದೆ. ಅದು ಸುಳ್ಳಲ್ಲ. ಆದರೆ ಜಾಸ್ತಿ ಆಯಿತೇನೋ ಅನಿಸಿ, ಅದೇ ಆಲ್ಕೊಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ ಕ್ಯಾಬಿನ ಪಕ್ಕ ಉಜ್ಜಿದೆ. ಕೊಳೆಯ ಜೊತೆ ನಂಬರಿನ ಕೊನೆಯ ಎರಡು ಅಂಕಿಯೂ ಎದ್ದು ಬಂತು. ಹತ್ತಿ ಕಡ್ಡಿಯ ತುದಿಯಲ್ಲಿ ಬಿಳಿ ಬಣ್ಣ ನೋಡಿದಾಗ ಹೊಟ್ಟೆ ಚುರ್ ಅಂತು. ಗಾಬರಿಯಲ್ಲಿ ಮೇಲೆ ಮ್ಯಾಟ್ ವಾರ್ನಿಶ್, ಅಂದರೆ ಹೊಳಪಿಲ್ಲದ ವಾರ್ನಿಶ್, ಹೊಡೆದೆ. ಅದು ಒಣಗಿದ ಮೇಲೆ ಮತ್ತೆ ಆಲ್ಕೊಹಾಲ್ ಮುಟ್ಟಿಸಿದೆ. ಈ ಸಲ ಬಾಯ್ಲರ್ ಪೂರ್ತಿ ಬೂಷ್ಟು ಹಿಡಿದಂತೆ ಬಿಳಿಚಿಕೊಂಡಿತು. ಇನ್ನೊಂದು ತೆಳು ಕೋಟ್ ವಾರ್ನಿಶ್ ಹೊಡೆದರೆ ಆ ಬಿಳುಪು ಹೋಗುತ್ತದೆ ಅನ್ನೋದು ಆಮೇಲೆ ಗೊತ್ತಾಯಿತು. ಅಂಕಿಗಳು ಮಾತ್ರ ವಾಪಸ್ ಬರಲಿಲ್ಲ.

ಎಂಜಿನ್ ಮೇಲೆ ಇನ್ನು ಕಲಿಯೋದು ಬೇಡ ಅಂತ ವ್ಯಾಗನ್‌ಗಳಿಗೆ ಇಳಿದೆ. ಅಲ್ಲೂ ಶುರುವಿನಲ್ಲಿ ತಪ್ಪು. ತುಕ್ಕು ಅಂದರೆ ಕಿತ್ತಳೆ ಬಣ್ಣ ಅಂದುಕೊಂಡು ಸಿಕ್ಕ ಕಡೆಯೆಲ್ಲ ಬಳಿದೆ. ಮೂರು ವ್ಯಾಗನ್‌ಗಳು ಸಮುದ್ರದ ತಳದಿಂದ ಎತ್ತಿ ತಂದ ಹಾಗೆ ಕಂಡವು. ಅಷ್ಟು ತುಕ್ಕು ಹಿಡಿದ ಬಂಡಿಯನ್ನು ಯಾರಾದರೂ ರೈಲಿಗೆ ಜೋಡಿಸುತ್ತಾರಾ?

ಆಮೇಲೆ ಬ್ರಷ್ ಕೆಳಗಿಟ್ಟು ನಿಜವಾದ ವ್ಯಾಗನ್‌ಗಳನ್ನು ನೋಡೋಕೆ ಶುರು ಮಾಡಿದೆ. ಪಕ್ಕದ ಹಳಿಯಲ್ಲಿ ನಿಂತ ಗೂಡ್ಸ್ ಗಾಡಿ, ಹಳೆಯ ಫೋಟೊಗಳು, ಏನು ಸಿಕ್ಕಿದರೂ ಸರಿ. ಕೊಳೆ ಸುಮ್ನೆ ಎಲ್ಲೆಂದರಲ್ಲಿ ಕೂರೋದಿಲ್ಲ. ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ ಹೇಳಬಹುದು. ಮಳೆ ನೀರು ಮೇಲಿಂದ ಕೆಳಕ್ಕೆ ಇಳಿಯುತ್ತದೆ, ಬೋಲ್ಟಿನ ತಲೆಯ ಹತ್ತಿರ ತಡೆಯುತ್ತದೆ, ಅಲ್ಲಿಂದ ಒಂದು ಗೆರೆ ಹೊರಡುತ್ತದೆ. ಚಕ್ರ ಎರಚುವ ಮಣ್ಣು ತುದಿಯ ಹಲಗೆಗಳ ಕೆಳಭಾಗಕ್ಕೆ ಬೀಳುತ್ತದೆ. ಬ್ರೇಕಿನ ಪುಡಿ ಚಕ್ರದ ಆಸುಪಾಸಿನಲ್ಲೇ ಕೂರುತ್ತದೆ, ಅದು ಕಂದು ಬಣ್ಣ. ಕೈ ಹಿಡಿದು ಹತ್ತುವ ಕಂಬಿಯಲ್ಲಿ ತುಕ್ಕು ಇರೋದಿಲ್ಲ, ಅದು ಸವೆದು ಹೊಳೆಯುತ್ತದೆ. ತುಕ್ಕಿನಲ್ಲೂ ಹೊಸದು ಮಾತ್ರ ಕಿತ್ತಳೆ. ಹಳೆಯದು ಹೆಚ್ಚುಕಡಿಮೆ ಕಾಫಿ ಪುಡಿಯ ಬಣ್ಣ.

ಈ ಕೊಳೆ ಹಚ್ಚುವ ಕೆಲಸಕ್ಕೆ ವೆದರಿಂಗ್ ಅಂತಾರೆ. ಇದನ್ನು ಹವ್ಯಾಸದವರಲ್ಲಿ ಹಬ್ಬಿಸಿದವರಲ್ಲಿ ಅಮೆರಿಕದ ಜಾನ್ ಅಲೆನ್ ಹೆಸರು ದೊಡ್ಡದು. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಮನೆಯ ನೆಲಮಾಳಿಗೆ ತುಂಬ ಅವರು ಕಟ್ಟಿದ ಲೇಔಟಿನಲ್ಲಿ, ಅಂದರೆ ಹಳಿ, ಊರು ಎಲ್ಲ ಇರುವ ಪುಟ್ಟ ರೈಲು ಲೋಕದಲ್ಲಿ, ಕಟ್ಟಡ, ಸೇತುವೆ, ಬಂಡಿ ಎಲ್ಲವೂ ಬಳಸಿ ಹಳೆಯದಾದಂತೆ ಇದ್ದವು. ಅದೇ ಲೇಔಟಿನಲ್ಲಿ ಬಂಡಿಗಳನ್ನು ಎಳೆಯೋಕೆ ಎಂಜಿನ್ ಬದಲು ಒಂದು ಡೈನೋಸಾರ್ ಕೂಡ ಇತ್ತು ಅನ್ನೋದು ನನಗೆ ತುಂಬಾ ಇಷ್ಟ. 1973ರ ಜನವರಿಯಲ್ಲಿ ಅವರು ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಲೇಔಟಿನ ಬಹುಭಾಗ ಸುಟ್ಟುಹೋಯಿತು. ಉಳಿದದ್ದು ಹೆಚ್ಚಾಗಿ ಫೋಟೊಗಳೇ. ಆ ಫೋಟೊ ನೋಡುವಾಗಲೆಲ್ಲ ನಾನು ಹುಡುಕೋದು ಒಂದೇ: ಕೊಳೆ ಎಲ್ಲಿ ಹಚ್ಚಿಲ್ಲ ಅಂತ.

ಈಗ ಒಂದು ಕಲ್ಲಿದ್ದಲು ವ್ಯಾಗನ್ನಿಗೆ ನಾನು ಮಾಡುವುದನ್ನು ಹೇಳುತ್ತೇನೆ. ಮೊದಲು ಸೋಪು ನೀರಿನಲ್ಲಿ ತೊಳೆದು ಒಣಗಿಸುತ್ತೇನೆ. ಕೈಯ ಜಿಡ್ಡಿನ ಮೇಲೆ ಬಣ್ಣ ನಿಲ್ಲೋದಿಲ್ಲ. ಆಮೇಲೆ ತೆಳುವಾಗಿ ಮ್ಯಾಟ್ ವಾರ್ನಿಶ್. ಇದು ಅಕ್ಷರಗಳನ್ನೂ ಕಾಪಾಡುತ್ತದೆ, ಮುಂದಿನ ಬಣ್ಣಕ್ಕೆ ಹಿಡಿತವನ್ನೂ ಕೊಡುತ್ತದೆ. ಅದರ ಮೇಲೆ ವ್ಯಾಗನ್ನಿನ ಬಣ್ಣಕ್ಕೇ ಸ್ವಲ್ಪ ತಿಳಿ ಬೂದು ಸೇರಿಸಿ, ಹಾಲಿಗಿಂತ ನೀರಾಗಿ ಮಾಡಿ, ಏರ್‌ಬ್ರಷ್‌ನಲ್ಲಿ ಮಂಜು ಬಿದ್ದ ಹಾಗೆ ಹೊಡೆಯುತ್ತೇನೆ. ಬಿಸಿಲಿಗೆ ಮಾಸಿದ್ದು ಇದೇ. ಎಷ್ಟೋ ಸಲ ಇಷ್ಟಕ್ಕೇ ಅರ್ಧ ಕೆಲಸ ಮುಗಿದಿರುತ್ತದೆ.

ಮುಂದಿನದು ನನಗೆ ತುಂಬಾ ಇಷ್ಟವಾದ ಹಂತ. ಆರ್ಟಿಸ್ಟ್‌ಗಳು ಬಳಸುವ ಟ್ಯೂಬಿನ ಎಣ್ಣೆ ಬಣ್ಣ, ಬರ್ಂಟ್ ಅಂಬರ್ ಅನ್ನೋ ಕಡು ಕಂದು, ಅದಕ್ಕೆ ಚಿಟಿಕೆ ಕಪ್ಪು. ವೈಟ್ ಸ್ಪಿರಿಟ್‌ನಲ್ಲಿ ಕದಡಿ ತೀರಾ ತೆಳುವಾಗಿ ಮಾಡಿಕೊಳ್ಳುತ್ತೇನೆ. ಸಣ್ಣ ಬ್ರಷ್ಷಿನ ತುದಿಯನ್ನು ಎರಡು ಹಲಗೆಗಳ ನಡುವಿನ ಗೆರೆಗೆ ಸುಮ್ನೆ ತಾಗಿಸಿದರೆ ಸಾಕು, ಬಣ್ಣ ತಾನಾಗಿಯೇ ಗೆರೆ ಹಿಡಿದು ಓಡುತ್ತದೆ. ರಿವೆಟ್ ಸಿಕ್ಕಿದರೆ ಅದರ ಸುತ್ತ ಒಂದು ಸುತ್ತು ಹಾಕಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು, ಸ್ಪಿರಿಟ್ ತಾಗಿಸಿ ಚೆನ್ನಾಗಿ ಹಿಂಡಿದ ಹತ್ತಿ ಕಡ್ಡಿಯಲ್ಲಿ ಒರೆಸುತ್ತೇನೆ. ಯಾವಾಗಲೂ ಮೇಲಿಂದ ಕೆಳಕ್ಕೆ. ಅಡ್ಡಡ್ಡ ಒರೆಸಿದರೆ ಕೆಟ್ಟಿತು. ಮಳೆ ಅಡ್ಡಡ್ಡ ಹರಿಯೋದಿಲ್ಲ ಅಲ್ವಾ? ನೀರಿನಲ್ಲಿ ಕದಡುವ ಅಕ್ರಿಲಿಕ್ ಬಣ್ಣ ಒಣಗಿದ ಮೇಲೆ ವೈಟ್ ಸ್ಪಿರಿಟ್ ಅದಕ್ಕೆ ಏನೂ ಮಾಡೋದಿಲ್ಲ, ಹಾಗಾಗಿ ಇಷ್ಟವಾಗದಿದ್ದರೆ ಪೂರ್ತಿ ಒರೆಸಿ ಮತ್ತೆ ಶುರು ಮಾಡಬಹುದು. ನಂಬರ್ ಕಳೆದುಕೊಂಡವನಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ಬೇರೆ ಹೇಳಬೇಕಿಲ್ಲ.

ಬಣ್ಣ ಕಿತ್ತುಹೋದ ಜಾಗಗಳಿಗೆ ಪ್ಯಾಕಿಂಗಿನ ಸ್ಪಂಜು. ಚೂರು ಹರಿದು, ಕಡು ಕಂದು ಬಣ್ಣಕ್ಕೆ ತಾಗಿಸಿ, ಮುಕ್ಕಾಲು ಪಾಲನ್ನು ಪೇಪರ್ ಮೇಲೆ ಒತ್ತಿ ತೆಗೆದು, ಉಳಿದದ್ದನ್ನು ಬಾಗಿಲಿನ ಅಂಚು, ಮೂಲೆ, ಮೇಲಿನ ಅಂಚಿಗೆ ತಟ್ಟುತ್ತೇನೆ. ಕಲ್ಲಿದ್ದಲು ಬಂದು ಬಡಿಯೋದು ಅಲ್ಲೇ ತಾನೇ. ಅಂಥ ಎರಡು ಮೂರು ಗುರುತುಗಳ ಕೆಳಗೆ ಮಾತ್ರ ಬರ್ಂಟ್ ಸಿಯೆನಾ ಅನ್ನೋ ಕೆಂಗಂದು ಬಣ್ಣದ ಒಂದು ಚುಕ್ಕೆ ಇಟ್ಟು, ಒದ್ದೆ ಬ್ರಷ್‌ನಲ್ಲಿ ಕೆಳಕ್ಕೆ ಎಳೆಯುತ್ತೇನೆ. ಕಿತ್ತಳೆ ಬರೋದು ಇಷ್ಟೇ ಜಾಗದಲ್ಲಿ. ವ್ಯಾಗನ್ನಿನ ಒಳಭಾಗವನ್ನು ತುಂಬಾ ಜನ ಮರೆಯುತ್ತಾರೆ. ನಿಜಕ್ಕೂ ಜಾಸ್ತಿ ಏಟು ತಿನ್ನೋದು ಒಳಗಡೆಯೇ, ಅಲ್ಲಿ ಬಣ್ಣ ಉಳಿದಿರೋದಿಲ್ಲ. ಕೊನೆಗೆ ಒಂದು ಹಲಗೆಗೆ ಬೇರೆ ಬಣ್ಣ: ರಿಪೇರಿಯಲ್ಲಿ ಹೊಸದಾಗಿ ಹಾಕಿದ್ದು. ಬಿಳಿ ಬಣ್ಣದ ಪೆನ್ಸಿಲ್‌ನಿಂದ ಯಾರ್ಡಿನವರು ಗೀಚಿದಂಥ ಒಂದು ಸೀಮೆಸುಣ್ಣದ ಗುರುತು.

ತೀರಾ ಹಳೆಯ ವ್ಯಾಗನ್ ಬೇಕೆಂದರೆ ದಾರಿ ಬೇರೆ. ಮೊದಲು ಪೂರ್ತಿ ತುಕ್ಕಿನ ಬಣ್ಣ, ಅದರ ಮೇಲೆ ವಾರ್ನಿಶ್, ಆಮೇಲೆ ಕೂದಲಿಗೆ ಹೊಡೆಯುವ ಹೇರ್ ಸ್ಪ್ರೇ ಎರಡು ಕೋಟ್, ಮೇಲೆ ವ್ಯಾಗನ್ನಿನ ನಿಜವಾದ ಬಣ್ಣ. ಇದು ಅಕ್ರಿಲಿಕ್ಕೇ ಆಗಬೇಕು. ಅರ್ಧ ಗಂಟೆ ಬಿಟ್ಟು ನೀರು ಮುಟ್ಟಿಸಿದರೆ ಒಳಗಿನ ಹೇರ್ ಸ್ಪ್ರೇ ಕರಗುತ್ತದೆ. ಬಿರುಸು ಬ್ರಷ್‌ನಿಂದ ಉಜ್ಜಿದರೆ ಮೇಲಿನ ಬಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ, ಕೆಳಗಿನಿಂದ ತುಕ್ಕು ಇಣುಕುತ್ತದೆ. ಮಾರನೇ ದಿನಕ್ಕೆ ಬಿಟ್ಟರೆ ಬಣ್ಣ ಗಟ್ಟಿಯಾಗಿ ಏಳೋದಕ್ಕೆ ಹಟ ಮಾಡುತ್ತದೆ.

ಬಿಡಿ ಭಾಗಗಳಾಗಿ ಬರುವ ವ್ಯಾಗನ್ ಕಿಟ್ ಜೋಡಿಸುವ ಬಗ್ಗೆ ಎರಡು ಮಾತು. ಅಂಟು ಒಣಗುವ ಮುಂಚೆ ಗಾಜಿನ ಹಲಗೆಯ ಮೇಲಿಟ್ಟು ನಾಲ್ಕೂ ಚಕ್ರ ಕೂರುತ್ತವಾ ನೋಡಿ. ಒಂದು ಚಕ್ರ ಎದ್ದಿದ್ದರೂ ಅದು ಮುಂದೆ ಹಳಿ ತಪ್ಪುತ್ತದೆ. ತೂಕವೂ ಮುಖ್ಯ. ಅಮೆರಿಕದ ಮಾದರಿ ರೈಲು ಹವ್ಯಾಸಿಗಳ ಎನ್‌ಎಂಆರ್‌ಎ ಸಂಘದ ಲೆಕ್ಕದಲ್ಲಿ ಎಚ್‌ಒ ಬಂಡಿಗೆ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. 6 ಇಂಚಿನ ವ್ಯಾಗನ್ ಆದರೆ 4 ಔನ್ಸ್, ಸುಮಾರು 113 ಗ್ರಾಂ. ತೂಕಕ್ಕೆಂದು ನಾನು ಒಂದು ಟ್ಯಾಂಕರ್ ಒಳಗೆ ಸೀಸದ ಗುಂಡು ಸುರಿದು, ಮರಕ್ಕೆ ಬಳಸುವ ಬಿಳಿ ಅಂಟು ಹಾಕಿದ್ದೆ. ವರ್ಷಗಳ ನಂತರ ಟ್ಯಾಂಕಿನ ಹೊಟ್ಟೆ ಉಬ್ಬಿ ಹೊಲಿಗೆ ಬಿಟ್ಟುಕೊಂಡಿತ್ತು. ಆ ಅಂಟಿನ ಜೊತೆ ಸೇರಿ ಸೀಸ ನಿಧಾನವಾಗಿ ಬಿಳಿ ಪುಡಿಯಾಗಿ ಊದಿಕೊಳ್ಳುತ್ತದೆ. ಈಗ ಎಪಾಕ್ಸಿ ಅಂಟು ಬಳಸುತ್ತೇನೆ, ಇಲ್ಲವೇ ಸೀಸದ ಬದಲು ಉಕ್ಕಿನ ತುಂಡು.

ಇಷ್ಟೆಲ್ಲ ಆದ ಮೇಲೆ ಮತ್ತೆ ಎಂಜಿನ್ ಕೈಗೆತ್ತಿಕೊಂಡೆ. ಉಗಿ ಎಂಜಿನ್ನಿನ ಕೊಳೆಯಲ್ಲಿ ನಾಲ್ಕೈದು ಜಾತಿ. ಹೊಗೆಯ ಮಸಿ ಬಾಯ್ಲರ್ ನೆತ್ತಿ, ಕ್ಯಾಬಿನ ಚಾವಣಿ, ಹಿಂದಿನ ಬೋಗಿಗಳ ಮೇಲೆ ಬೀಳುತ್ತದೆ. ಮುಂದಿನ ಸ್ಮೋಕ್‌ಬಾಕ್ಸ್, ಅಂದರೆ ಹೊಗೆ ಸೇರುವ ಪೆಟ್ಟಿಗೆ, ಬಿಸಿಗೆ ಬಣ್ಣ ಸುಟ್ಟು ಬೂದಾಗಿರುತ್ತದೆ, ಬಾಯ್ಲರಿನ ಕಪ್ಪಿಗೂ ಅದಕ್ಕೂ ಹೊಂದಬಾರದು. ನೀರು ಸೋರಿದ ಕಡೆ ಬಿಳಿ ಗೆರೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ ಸುಣ್ಣ. ಚಕ್ರಗಳನ್ನು ತಿರುಗಿಸುವ ರಾಡುಗಳ ಮೇಲೆ ಎಣ್ಣೆ ಜಿಡ್ಡು. ಇದು ಮ್ಯಾಟ್ ಆಗಿರಬಾರದು, ಸ್ವಲ್ಪ ಹೊಳೆಯಬೇಕು. ಎಲ್ಲವನ್ನೂ ಒಂದೇ ಮ್ಯಾಟ್ ವಾರ್ನಿಶ್‌ನಲ್ಲಿ ಮುಳುಗಿಸಿದರೆ ಎಂಜಿನ್ ಮಣ್ಣಿನ ಬೊಂಬೆ ಆಗುತ್ತದೆ.

ಚಕ್ರಕ್ಕೆ ಸ್ಪ್ರೇ ಮಾಡುವಾಗ ಎಂಜಿನ್ ಓಡುತ್ತಿರಬೇಕು. ಸ್ಪಂಜಿನ ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕಂಟ್ರೋಲರಿನಿಂದ ಎರಡು ವೈರ್ ಎಳೆದು ಚಕ್ರಗಳಿಗೆ ತಾಗಿಸಿ ನಿಧಾನವಾಗಿ ತಿರುಗಿಸುತ್ತಾ ಹೊಡೆಯುತ್ತೇನೆ. ನಿಂತ ಚಕ್ರಕ್ಕೆ ಹೊಡೆದರೆ ರಾಡಿನ ಹಿಂದೆ ಅದರದೇ ಆಕಾರದ ಸ್ವಚ್ಛ ಜಾಗ ಉಳಿಯುತ್ತದೆ, ಎಂಜಿನ್ ಹೊರಟ ತಕ್ಷಣ ಆ ನೆರಳು ಗಿರಗಿರ ತಿರುಗುತ್ತದೆ. ಮುಗಿದ ಮೇಲೆ ಹಳಿ ಮುಟ್ಟುವ ಅಂಚನ್ನು ಒರೆಸಲೇಬೇಕು, ಇಲ್ಲದಿದ್ದರೆ ಕರೆಂಟ್ ಹತ್ತೋದಿಲ್ಲ. ಇನ್ನೊಂದು: ತುಕ್ಕು, ಧೂಳು ತೋರಿಸೋಕೆ ಉದುರಿಸುವ ಒಣ ಬಣ್ಣದ ಪುಡಿಗಳನ್ನು ಗೇರಿನ ಹತ್ತಿರ ಒಯ್ಯಬೇಡಿ. ನಾನು ಧಾರಾಳವಾಗಿ ಉದುರಿಸಿದ ತುಕ್ಕಿನ ಪುಡಿ ಒಳಗಿನ ಎಣ್ಣೆಗೆ ಸೇರಿ ಮರಳು ಕಾಗದದಂತಾಯಿತು. ಕಿರ್ ಅಂತ ಕೂಗೋಕೆ ಶುರುವಾದ ಮೇಲೆ ಎಂಜಿನ್ ಪೂರ್ತಿ ಬಿಚ್ಚಿ ತೊಳೆದೆ. ಸ್ಪ್ರೇ ಮಾಡುವಾಗ ಮಾಸ್ಕ್ ಹಾಕಿ, ಕಿಟಕಿ ತೆಗೆದಿಡಿ.

ಲೇಔಟಿಗೆ ಬಂದರೆ, ಬಂಡಿಗಳ ತಳಕ್ಕೆ ಹಚ್ಚಿದ ಮಣ್ಣಿನ ಬಣ್ಣವೇ ಹಳಿಯ ಸುತ್ತಲೂ ಇರಬೇಕು. ನಾನು ಒಂದೇ ಬಾಟಲಿಯಿಂದ ಎರಡಕ್ಕೂ ಬಳಿಯುತ್ತೇನೆ. ಹಳಿಯ ಪಕ್ಕಗಳಿಗೆ ಕಂದು, ತಲೆ ಮಾತ್ರ ಉಜ್ಜಿ ಹೊಳೆಯುವಂತೆ. ಆಮೇಲೆ ಜಲ್ಲಿ. ನಿಜದಲ್ಲಿ 50 ಮಿ.ಮೀ. ಇರುವ ಕಲ್ಲು ಎಚ್‌ಒದಲ್ಲಿ 0.6 ಮಿ.ಮೀ. ಕೂಡ ಆಗೋದಿಲ್ಲ. ಮಾದರಿಗೆಂದೇ ಮಾರುವ ಜಲ್ಲಿಯಲ್ಲೂ ಎಷ್ಟೋ ಸಲ ಬಂಡೆಗಳೇ ಇರುತ್ತವೆ, ನಾನು ಜರಡಿ ಹಿಡಿಯುತ್ತೇನೆ. ಮೆತ್ತನೆ ಬ್ರಷ್‌ನಿಂದ ಸ್ಲೀಪರುಗಳ ನಡುವೆ ಕೂರಿಸಿ, ಸೋಪು ಬೆರೆಸಿದ ನೀರನ್ನು ಮೊದಲು ಸಿಂಪಡಿಸಿ, ಆಮೇಲೆ ಬಿಳಿ ಅಂಟಿಗೆ ಸಮ ನೀರು ಸೇರಿಸಿ ಡ್ರಾಪರಿನಲ್ಲಿ ಹನಿ ಹನಿಯಾಗಿ ಬಿಡಬೇಕು. ಸೋಪಿಲ್ಲದಿದ್ದರೆ ಅಂಟಿನ ಹನಿ ಜಲ್ಲಿಯ ಮೇಲೆ ಮುತ್ತಿನಂತೆ ಉರುಳಿ, ಕಲ್ಲುಗಳನ್ನೂ ಎಳೆದುಕೊಂಡು ಹೋಗುತ್ತದೆ. ಹಳಿ ಬದಲಿಸುವ ಪಾಯಿಂಟಿನ ಹತ್ತಿರ ಮಾತ್ರ ಜುಗ್ಗತನ ಮಾಡಿ. ನನ್ನದು ಒಂದು ಅಂಟಿ ಕೂತು, ಹದಿನೈದು ದಿನ ರೈಲುಗಳೆಲ್ಲ ಒಂದೇ ಕಡೆ ಹೋದವು. ಎಂಜಿನ್ ನಿಂತು ನೀರು ಕುಡಿಯುವ ಜಾಗದಲ್ಲಿ ಹಳಿಗಳ ನಡುವೆ ಕಪ್ಪು ಎಣ್ಣೆ ಕಲೆ ಹಾಕಿದೆ. ಯಾರೂ ಅದನ್ನು ಗಮನಿಸಿ ಹೇಳಿಲ್ಲ, ಆದರೆ ಎಂಜಿನ್ ಅಲ್ಲಿ ನಿಂತಾಗ ಸರಿಯಾಗಿ ನಿಂತ ಹಾಗೆ ಕಾಣುತ್ತದೆ.

ಇನ್ನು ಆ ಮೊದಲ ಎಂಜಿನ್. ಅಳಿಸಿದ ಅಂಕಿಗಳಿಗೆ ಹೊಂದುವ ಅಕ್ಷರ ಸಿಗಲೇ ಇಲ್ಲ. ಕೊನೆಗೆ ಕ್ಯಾಬಿನ ಆ ಮೂಲೆಗೆ ದಪ್ಪಗೆ ಮಸಿ ಬಳಿದು ಮುಚ್ಚಿದೆ. ಇದೇ ಹವ್ಯಾಸದ ಗೆಳೆಯರೊಬ್ಬರು ಬಂದವರು ತುಂಬಾ ಹೊತ್ತು ಬಗ್ಗಿ ನೋಡಿದರು.

"ಎಂಜಿನ್ ಎಷ್ಟೇ ಕೊಳಕಾಗಿದ್ದರೂ ಶೆಡ್ಡಿನವರು ನಂಬರ್ ಮಾತ್ರ ಬಟ್ಟೇಲಿ ಒರೆಸಿ ಇಟ್ಟಿರ್ತಾರೆ. ನಿಮ್ಮದರಲ್ಲಿ ನಂಬರ್ ಮೇಲೇ ಮಸಿ ಇದೆಯಲ್ಲ ಸಾರ್?"

"ನಮ್ಮ ಶೆಡ್ಡಿನಲ್ಲಿ ಒರೆಸೋಕೆ ಹೋದವನು ಜಾಸ್ತಿ ಒರೆಸಿಬಿಟ್ಟ" ಅಂದೆ.